ಟರ್ಮಿನಲ್‌ನಲ್ಲಿ ಆನ್ ಆಗುತ್ತೆ, ಕ್ರಾನ್‌ನಲ್ಲಿ ಆಗಲ್ಲ: ಸ್ಮಾರ್ಟ್ ಪ್ಲಗ್‌ನ ದೋಷ ಹುಡುಕಿದ್ದು ಹೀಗೆ

ತೊಂದರೆ ಇಷ್ಟು. ಬಾತ್‌ರೂಮಿನ ಗೀಸರ್ ಒಂದು ಸ್ಮಾರ್ಟ್ ಪ್ಲಗ್ ಮೇಲಿದೆ. ಟಿವಿ ಪಕ್ಕದಲ್ಲಿ ಕೂತಿರುವ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಬೆಳಿಗ್ಗೆ 5 ಗಂಟೆಗೆ ಅದನ್ನು ಆನ್ ಮಾಡಬೇಕು. ಟರ್ಮಿನಲ್‌ನಲ್ಲಿ ಕಮಾಂಡ್ ಟೈಪ್ ಮಾಡಿ ಎಂಟರ್ ಒತ್ತಿದರೆ ಪ್ಲಗ್ ಟಕ್ ಅಂತ ಆನ್ ಆಗುತ್ತದೆ. ಅದೇ ಸಾಲನ್ನು ಕಾಪಿ ಮಾಡಿ ಕ್ರಾನ್‌ಟ್ಯಾಬ್‌ಗೆ (ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್ ಅನ್ನುವ ಪ್ರೋಗ್ರಾಂನ ವೇಳಾಪಟ್ಟಿಗೆ) ಹಾಕಿದರೆ ಏನೂ ಆಗುವುದಿಲ್ಲ. ಎರರ್ ಕೂಡ ಇಲ್ಲ. ಮೂರು ದಿನ ಬೆಳಿಗ್ಗೆ ಅಮ್ಮ "ಇವತ್ತೂ ನೀರು ತಣ್ಣಗೇ ಇದೆ ಕಣೋ" ಅಂದ ಮೇಲೆ ಕೂತು ಹುಡುಕಿದೆ. ಇದೇ ತೊಂದರೆಯಲ್ಲಿರುವವರಿಗೆ ಆ ಮೂರು ದಿನ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಪ್ಲಗ್‌ನ ಒಳಗಿರುವುದು ಇಎಸ್‌ಪಿ8266 ಚಿಪ್. ಅದರ ಮೇಲೆ ಟಾಸ್ಮೋಟಾ ಅನ್ನುವ ಓಪನ್ ಸೋರ್ಸ್ ಫರ್ಮ್‌ವೇರ್ (ಚಿಪ್ ನಡೆಸುವ ಸಾಫ್ಟ್‌ವೇರ್) ಹಾಕಿದ್ದೇನೆ. ಇದಕ್ಕೆ ಕ್ಲೌಡ್ ಬೇಡ, ಆ್ಯಪ್ ಬೇಡ. ಮನೆಯ ವೈಫೈನಲ್ಲೇ ಪ್ಲಗ್‌ನ ವಿಳಾಸಕ್ಕೆ ಕರ್ಲ್ ಅನ್ನುವ ಕಮಾಂಡ್ ಮೂಲಕ ಒಂದು ವೆಬ್ ಕೋರಿಕೆ ಕಳಿಸಿದರೆ ಸಾಕು. ಇಂಟರ್‌ನೆಟ್ ಹೋದರೂ ಗೀಸರ್ ನಡೆಯುತ್ತದೆ. ನನಗೆ ಇದು ತುಂಬಾ ಮುಖ್ಯ.

ಕೆಳಗೆ ಕಮಾಂಡುಗಳನ್ನು ಓದಲು ಸುಲಭವಾಗಲಿ ಅಂತ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ. ಕ್ರಾನ್‌ಟ್ಯಾಬ್‌ನಲ್ಲಿ ಇದ್ದ ಸಾಲು ಇದು (ಮೊದಲ ಐದು ಗುರುತುಗಳ ಅರ್ಥ ದಿನಾ ಬೆಳಿಗ್ಗೆ 5 ಗಂಟೆಗೆ ಅಂತ):

0 5 * * * ಕರ್ಲ್ -ಎಸ್ 192.168.1.50/ಸಿಎಂ?ಸಿಎಂಎನ್‌ಡಿ=ಪವರ್%20ಆನ್

ತಪ್ಪು ಈ ಸಾಲಿನಲ್ಲೇ ಇದೆ. ಮುಂದೆ ಓದುವ ಮೊದಲು ಒಂದು ಸಲ ನೀವೇ ಹುಡುಕಿ ನೋಡಿ.

ಮೊದಲು ಪ್ಲಗ್‌ನ ಕಿವಿಗೆ ಏನು ಬಿತ್ತು ನೋಡಿ

ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವುದು ಒಂದೇ. ಪ್ಲಗ್ ಕಿತ್ತು ಮತ್ತೆ ಹಾಕುವುದು, ರೌಟರ್ ರೀಸ್ಟಾರ್ಟ್ ಮಾಡುವುದು, ಪೈ ರೀಬೂಟ್ ಮಾಡುವುದು. ನಾನೂ ಮಾಡಿದೆ. ಇದರಿಂದ ನಷ್ಟವೇ ಜಾಸ್ತಿ, ಯಾಕೆಂದರೆ ಪ್ಲಗ್‌ನಲ್ಲಿದ್ದ ಲಾಗ್ ಅಳಿಸಿ ಹೋಗುತ್ತದೆ. ನಮ್ಮ ಆಜ್ಞೆ ಕ್ರಾನ್‌ನಿಂದ ಹೊರಟು ಶೆಲ್ (ಕಮಾಂಡ್ ಸಾಲನ್ನು ಓದಿ ಓಡಿಸುವ ಪ್ರೋಗ್ರಾಂ), ಕರ್ಲ್, ರೌಟರ್ ದಾಟಿ, ಪ್ಲಗ್‌ಗೆ ಹೋಗಿ, ಅದರೊಳಗಿನ ಸ್ವಿಚ್ ಆದ ರಿಲೇ ತನಕ ಮುಟ್ಟಬೇಕು. ದಾರಿಯಲ್ಲಿ ಎಲ್ಲಿ ಕಳೆದುಹೋಯಿತು ಅಂತ ಗೊತ್ತಾಗಬೇಕಾದರೆ ನಡುವಿನಲ್ಲಿ ಒಂದು ಕಡೆ ನಿಂತು ನೋಡಬೇಕು. ಅದಕ್ಕೆ ಒಳ್ಳೆಯ ಜಾಗ ಪ್ಲಗ್. ಅಲ್ಲಿಗೆ ಮಾತು ಬಂದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಬೆಳಿಗ್ಗೆ 5ರವರೆಗೆ ಕಾಯುವುದು ಬೇಡ. ಕ್ರಾನ್‌ಟ್ಯಾಬ್‌ನಲ್ಲಿ ಸಮಯವನ್ನು ಈಗಿನಿಂದ ಎರಡು ನಿಮಿಷ ಮುಂದಕ್ಕೆ ಇಡಿ. ಗೀಸರ್ ಬದಲು ಒಂದು ಟೇಬಲ್ ಲ್ಯಾಂಪ್ ಸಿಕ್ಕಿಸಿ. ಬ್ರೌಸರ್‌ನಲ್ಲಿ ಪ್ಲಗ್‌ನ ಪುಟ ತೆರೆದು ಕನ್ಸೋಲ್‌ಗೆ ಹೋಗಿ, "ವೆಬ್‌ಲಾಗ್ 3" ಅಂತ ಟೈಪ್ ಮಾಡಿ. ಸಾಮಾನ್ಯವಾಗಿ ಲಾಗ್ ಮಟ್ಟ 2 ಇರುತ್ತದೆ. 3ಕ್ಕೆ ಏರಿಸಿದರೆ ಯಾವ ವಿಳಾಸದಿಂದ ಯಾವ ಕಮಾಂಡ್ ಬಂತು ಅಂತ ಒಂದೊಂದಾಗಿ ತೋರಿಸುತ್ತದೆ. ಆಮೇಲೆ ಸುಮ್ನೆ ಕಾಯಿರಿ.

ನನಗೆ ಆಶ್ಚರ್ಯವಾಗಿದ್ದು ಇಲ್ಲೇ. ಸಮಯಕ್ಕೆ ಸರಿಯಾಗಿ ಪೈನ ವಿಳಾಸದಿಂದ ಕೋರಿಕೆ ಬಂತು. ಕಮಾಂಡ್ 'ಪವರ್' ಅಂತಲೂ ಇತ್ತು. ಆದರೆ ಅದರ ಮುಂದೆ ಉದ್ದ 0, ಡೇಟಾ ಖಾಲಿ. ಅದರ ಕೆಳಗೆ ಪ್ಲಗ್ ಕೊಟ್ಟ ಉತ್ತರ: ಪವರ್, ಆಫ್.

ಅಂದರೆ "ಪವರ್" ಬಂದಿದೆ, "ಆನ್" ಬಂದಿಲ್ಲ. ಟಾಸ್ಮೋಟಾದಲ್ಲಿ ಬರೀ ಪವರ್ ಅಂದರೆ "ಈಗ ಹೇಗಿದ್ದೀಯ?" ಅಂತ ಕೇಳಿದ ಹಾಗೆ. ಪ್ಲಗ್ "ಆಫ್ ಇದ್ದೀನಿ" ಅಂತ ಹೇಳಿ ಸುಮ್ಮನಾಗಿದೆ. ಪ್ಲಗ್ ಸರಿಯಾಗಿದೆ, ವೈಫೈ ಸರಿಯಾಗಿದೆ, ಪೈ ಸರಿಯಾಗಿದೆ. ಕೇಳಿದ ಪ್ರಶ್ನೆಗೆ ಉತ್ತರ ಬಂದದ್ದರಿಂದ ಕರ್ಲ್ ಕೂಡ ಯಶಸ್ವಿಯಾಯಿತು ಅಂತಲೇ ಹೇಳುತ್ತದೆ.

ಕ್ರಾನ್ ನುಂಗುವ ಗುರುತು

ಕೋರಿಕೆಯ ವಿಳಾಸದಲ್ಲಿ ಖಾಲಿ ಜಾಗ ಇರುವಂತಿಲ್ಲ. ಅದಕ್ಕೇ ಪವರ್ ಮತ್ತು ಆನ್ ನಡುವೆ %20 ಹಾಕುತ್ತೇವೆ. ಶೆಲ್‌ಗೆ ಇದರಿಂದ ತೊಂದರೆ ಇಲ್ಲ. ಆದರೆ ಕ್ರಾನ್‌ಟ್ಯಾಬ್‌ನಲ್ಲಿ % ಗುರುತಿಗೆ ಬೇರೆಯೇ ಅರ್ಥ ಇದೆ. ಮೊದಲ % ಬಂದ ತಕ್ಷಣ ಕಮಾಂಡ್ ಅಲ್ಲಿಗೆ ಮುಗಿಯಿತು ಅಂತ ಕ್ರಾನ್ ಅಂದುಕೊಳ್ಳುತ್ತದೆ. ಅದರ ಮುಂದಿರುವುದನ್ನೆಲ್ಲ ಕಮಾಂಡ್‌ಗೆ ಕೀಬೋರ್ಡಿನಿಂದ ಟೈಪ್ ಮಾಡಿದ ಹಾಗೆ ಇನ್‌ಪುಟ್ ಆಗಿ ಕೊಡುತ್ತದೆ. ಹಾಗಾಗಿ ನಮ್ಮ ಸಾಲು "ಪವರ್"ಗೆ ನಿಂತಿತು. "20ಆನ್" ಅನ್ನುವ ತುಂಡು ಕರ್ಲ್‌ನ ಇನ್‌ಪುಟ್‌ಗೆ ಹೋಯಿತು. ಕರ್ಲ್ ಅದನ್ನು ಓದುವುದೇ ಇಲ್ಲ.

ಇದು ದೋಷ ಅಲ್ಲ, ಮೊದಲಿನಿಂದ ಇರುವ ನಿಯಮ. ಕ್ರಾನ್‌ಟ್ಯಾಬ್‌ನ ಮ್ಯಾನ್ ಪುಟದಲ್ಲಿ (ಕೈಪಿಡಿಯಲ್ಲಿ) ಬರೆದೂ ಇದೆ. ಫೈಲ್ ಹೆಸರಿಗೆ ತಾರೀಖು ಸೇರಿಸಿ ಬ್ಯಾಕಪ್ ತೆಗೆಯಲು ಹೋದವರೂ ಇಲ್ಲೇ ಎಡವುತ್ತಾರೆ, ಯಾಕೆಂದರೆ ಡೇಟ್ ಕಮಾಂಡ್‌ನ ತುಂಬ % ಗುರುತುಗಳೇ.

ಸಾಕ್ಷಿ ಮೊದಲ ದಿನದಿಂದಲೂ ಪೈನಲ್ಲಿ ಇತ್ತು. ಜರ್ನಲ್‌ಸಿಟಿಎಲ್ ಕಮಾಂಡ್‌ಗೆ "-ಯು ಕ್ರಾನ್" ಸೇರಿಸಿ ನೋಡಿದರೆ ಕ್ರಾನ್ ಯಾವಾಗ ಏನು ಓಡಿಸಿತು ಅಂತ ಸಿಗುತ್ತದೆ. (ಡೆಬಿಯನ್ 12ರಿಂದ ಹಳೆಯ ಸಿಸ್‌ಲಾಗ್ ಫೈಲ್ ತಾನಾಗಿ ಬರುವುದಿಲ್ಲ. ಹಳೆಯ ಲೇಖನ ಓದಿ ಆ ಫೈಲ್ ಹುಡುಕುತ್ತಾ ಕೂರಬೇಡಿ.) ಅಲ್ಲಿ ಇದ್ದ ಸಾಲು:

ಸಿಎಂಡಿ (ಕರ್ಲ್ -ಎಸ್ 192.168.1.50/ಸಿಎಂ?ಸಿಎಂಎನ್‌ಡಿ=ಪವರ್)

ಸಾಲು "ಪವರ್"ಗೆ ನಿಂತಿದೆ, ನೋಡಿ. ಎರಡನೇ ದಿನವೇ ಇದನ್ನು ನೋಡಿದ್ದೆ. 5 ಗಂಟೆಗೆ ಸರಿಯಾಗಿ ಓಡಿದೆ ಅಂತ ಸಮಯ ಮಾತ್ರ ನೋಡಿ ಮುಂದೆ ಹೋದೆ. ಲಾಗ್ ನೋಡುವಾಗ ಸಾಲನ್ನು ಕೊನೆಯ ಅಕ್ಷರದ ತನಕ ಓದಿ, ಕ್ರಾನ್‌ಟ್ಯಾಬ್‌ನ ಸಾಲಿನ ಪಕ್ಕದಲ್ಲಿಟ್ಟು ಹೋಲಿಸಿ.

ಅದರ ಕೆಳಗೆ ಇನ್ನೊಂದು ಸಾಲು ಇತ್ತು: ಎಂಟಿಎ (ಮೇಲ್ ಕಳಿಸುವ ಪ್ರೋಗ್ರಾಂ) ಇಲ್ಲ, ಔಟ್‌ಪುಟ್ ಬಿಸಾಡುತ್ತಿದ್ದೇನೆ ಅಂತ. ಕ್ರಾನ್ ಕೆಲಸದಿಂದ ಬಂದ ಔಟ್‌ಪುಟ್ ಅನ್ನು ಮೇಲ್ ಮಾಡುತ್ತದೆ. ಮನೆಯ ಪೈನಲ್ಲಿ ಮೇಲ್ ಕಳಿಸುವ ವ್ಯವಸ್ಥೆ ಇರುವುದಿಲ್ಲ ಅಲ್ವಾ, ಹಾಗಾಗಿ ಎಸೆದುಬಿಡುತ್ತದೆ. ಎಸೆದದ್ದು ಪ್ಲಗ್‌ನ ಉತ್ತರವನ್ನೇ. ಪರೀಕ್ಷೆ ಮಾಡುವಷ್ಟು ದಿನ ಸಾಲಿನ ಕೊನೆಯಲ್ಲಿ ಔಟ್‌ಪುಟ್ ಮತ್ತು ಎರರ್ ಎರಡನ್ನೂ ಒಂದು ಫೈಲಿಗೆ ತಿರುಗಿಸಿ. ಆಗ ಮೊದಲ ದಿನವೇ "ಪವರ್: ಆಫ್" ಕಣ್ಣಿಗೆ ಬೀಳುತ್ತದೆ.

ನೀವು ವಿಳಾಸವನ್ನು ಕೋಟ್ಸ್ ಒಳಗೆ ಹಾಕಿದ್ದರೆ ಲಕ್ಷಣ ಬೇರೆ ಇರುತ್ತದೆ. ಆಗ % ಹತ್ತಿರ ಸಾಲು ತುಂಡಾಗುವಾಗ ಮುಚ್ಚುವ ಕೋಟ್ ಕೂಡ ಹೋಗುತ್ತದೆ. ಕೋಟ್ ಮುಚ್ಚಿಲ್ಲ ಅಂತ ಶೆಲ್ ಎರರ್ ಕೊಟ್ಟು ನಿಲ್ಲುತ್ತದೆ. ಕರ್ಲ್ ಓಡುವುದೇ ಇಲ್ಲ, ಪ್ಲಗ್‌ನ ಕನ್ಸೋಲ್‌ನಲ್ಲಿ ಒಂದು ಸಾಲೂ ಬರುವುದಿಲ್ಲ. ತಪ್ಪು ಒಂದೇ, ಆದರೆ ಒಂದು ಕಡೆ ಪ್ಲಗ್‌ಗೆ ಅರ್ಧ ಮಾತು ಮುಟ್ಟುತ್ತದೆ, ಇನ್ನೊಂದು ಕಡೆ ಏನೂ ಮುಟ್ಟುವುದಿಲ್ಲ.

ಸರಿ ಮಾಡುವುದು ಸುಲಭ. % ಹಿಂದೆ ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿದರೆ ಸಾಕು: ಪವರ್\%20ಆನ್. ಆದರೆ ಹೀಗೆ ಬಿಡಬೇಡಿ ಅನ್ನುವುದು ನನ್ನ ಸಲಹೆ. ನಾಳೆ ಯಾರೋ ಆ ಸಾಲನ್ನು ಟರ್ಮಿನಲ್‌ಗೆ ಕಾಪಿ ಮಾಡಿ ಕೋಟ್ಸ್ ಒಳಗೆ ಹಾಕಿದರೆ ಬ್ಯಾಕ್‌ಸ್ಲ್ಯಾಶ್ ಕೂಡ ವಿಳಾಸದ ಭಾಗವಾಗುತ್ತದೆ. ಕಮಾಂಡ್ ಅನ್ನು ಒಂದು ಸ್ಕ್ರಿಪ್ಟ್ ಫೈಲಿಗೆ ಹಾಕಿ, ಕ್ರಾನ್‌ಟ್ಯಾಬ್‌ನಲ್ಲಿ ಆ ಫೈಲಿನ ಪೂರ್ತಿ ದಾರಿ ಮಾತ್ರ ಬರೆಯಿರಿ. ಫೈಲಿನ ಒಳಗೆ % ಏನೂ ಮಾಡುವುದಿಲ್ಲ. ಇನ್ನೂ ಒಳ್ಳೆಯದೆಂದರೆ %20 ಅನ್ನು ಕೈಯಲ್ಲಿ ಬರೆಯುವುದನ್ನೇ ಬಿಡುವುದು. ಕರ್ಲ್‌ಗೆ "--ಗೆಟ್" ಮತ್ತು "--ಡೇಟಾ-ಯುಆರ್‌ಎಲ್‌ಎನ್‌ಕೋಡ್" ಅನ್ನುವ ಎರಡು ಆಯ್ಕೆ ಇವೆ. ಎರಡನೆಯದರ ಮುಂದೆ ಕೋಟ್ಸ್ ಒಳಗೆ "ಸಿಎಂಎನ್‌ಡಿ=ಪವರ್ ಆನ್" ಅಂತ ಖಾಲಿ ಜಾಗ ಬಿಟ್ಟೇ ಬರೆಯಬಹುದು. ಉಳಿದದ್ದನ್ನು ಕರ್ಲ್ ನೋಡಿಕೊಳ್ಳುತ್ತದೆ.

ಇದೇ ಜಾತಿಯ ಬೇರೆ ತಪ್ಪುಗಳು

ಗುರುತು ಬೇರೆ ಆದರೂ ಲಕ್ಷಣ ಇದೇ ಥರ ಇರುವ ಇನ್ನೊಂದು ತಪ್ಪು ಇದೆ. ಶೆಲ್ಲಿ ಕಂಪನಿಯ ಎರಡನೇ ತಲೆಮಾರಿನ ಪ್ಲಗ್‌ಗಳಿಗೆ ಕಳಿಸುವ ವಿಳಾಸದ ಕೊನೆಯಲ್ಲಿ "ಐಡಿ=0&ಆನ್=ಟ್ರೂ" ಅಂತ ಇರುತ್ತದೆ. ಕೋಟ್ಸ್ ಹಾಕದಿದ್ದರೆ ಶೆಲ್ & ಗುರುತಿನ ಹತ್ತಿರ ಸಾಲನ್ನು ಕತ್ತರಿಸುತ್ತದೆ. ಹಿಂದಿನ ಭಾಗ ಹಿನ್ನೆಲೆಯಲ್ಲಿ ಓಡುತ್ತದೆ. ಮುಂದಿನ "ಆನ್=ಟ್ರೂ" ಅನ್ನು ಶೆಲ್ ತನ್ನದೇ ಒಂದು ವೇರಿಯಬಲ್ ಅಂದುಕೊಂಡು ಇಟ್ಟುಕೊಳ್ಳುತ್ತದೆ. ಶೆಲ್‌ನ ಕಡೆಯಿಂದ ಎರರ್ ಬರುವುದಿಲ್ಲ. ಟಾಸ್ಮೋಟಾಗೆ ಪಾಸ್‌ವರ್ಡ್ ಹಾಕಿದವರಿಗೂ ಇದೇ ಪಾಡು, ಆಗ ವಿಳಾಸದಲ್ಲಿ ಯೂಸರ್, ಪಾಸ್‌ವರ್ಡ್, ಕಮಾಂಡ್ ಮೂರೂ & ಗುರುತಿನಿಂದ ಸೇರಿರುತ್ತವೆ. ವಿಳಾಸಕ್ಕೆ ಯಾವಾಗಲೂ ಕೋಟ್ಸ್ ಹಾಕಿ. ಜೆಡ್‌ಶೆಲ್ ಬಳಸುವ ಮ್ಯಾಕ್‌ನಲ್ಲಿ ಕೋಟ್ಸ್ ಇಲ್ಲದಿದ್ದರೆ ? ಗುರುತಿಗೇ ತಗಾದೆ ತೆಗೆಯುತ್ತದೆ. ಅದು ಒಳ್ಳೆಯದೇ, ತಪ್ಪು ಅಲ್ಲೇ ಗೊತ್ತಾಗುತ್ತದೆ.

ಸ್ಕ್ರಿಪ್ಟನ್ನು ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಬರೆದು ಪೈಗೆ ತಂದಿದ್ದರೆ ಪ್ರತಿ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿರಬಹುದು. ಫೈಲ್ ಕಣ್ಣೆದುರಿಗೇ ಇದ್ದರೂ "ಫೈಲ್ ಸಿಗಲಿಲ್ಲ" ಅಂತ ಬಂದರೆ ಮೊದಲು ಇದನ್ನು ಅನುಮಾನಿಸಿ. ಡಾಸ್2ಯುನಿಕ್ಸ್ ಓಡಿಸಿದರೆ ಸರಿಹೋಗುತ್ತದೆ. ಕ್ರಾನ್‌ನ ಪಾತ್ (ಕಮಾಂಡುಗಳನ್ನು ಹುಡುಕುವ ಜಾಗಗಳ ಪಟ್ಟಿ) ಕೂಡ ಚಿಕ್ಕದು. ನೀವೇ ಬೇರೆ ಜಾಗದಲ್ಲಿ ಇನ್‌ಸ್ಟಾಲ್ ಮಾಡಿದ ಕಮಾಂಡುಗಳು ಅದಕ್ಕೆ ಕಾಣುವುದಿಲ್ಲ, ಪೂರ್ತಿ ದಾರಿ ಬರೆಯಬೇಕು.

ಉತ್ತರ ಬಂದರೆ ಸಾಲದು, ಏನು ಬಂತು ಅಂತ ಓದಬೇಕು

ಈ ಇಡೀ ಪ್ರಸಂಗದಲ್ಲಿ ನನ್ನ ಮನಸ್ಸಿಗೆ ತಟ್ಟಿದ್ದು ಇದು. ಕರ್ಲ್‌ನ ಎಕ್ಸಿಟ್ ಕೋಡ್ (ಕೆಲಸ ಮುಗಿದಾಗ ಕೊಡುವ ಅಂಕಿ) ಮೂರು ದಿನವೂ 0. ಅಂದರೆ ಎಲ್ಲ ಸರಿ. ನಾನು ಆ ಸೊನ್ನೆಯನ್ನು ನಂಬಿದ್ದೆ. ಸರ್ವರ್ 404 ಕೊಟ್ಟರೂ ಕರ್ಲ್ ಸಾಮಾನ್ಯವಾಗಿ ಸೊನ್ನೆಯನ್ನೇ ಕೊಡುತ್ತದೆ. ಮಾತು ಮುಟ್ಟಿತು ಅನ್ನುವುದಷ್ಟೇ ಅದಕ್ಕೆ ಗೊತ್ತು. ಕೆಲಸ ಆಯಿತೋ ಇಲ್ಲವೋ ಅದರ ಲೆಕ್ಕಕ್ಕೆ ಬರುವುದಿಲ್ಲ.

ಈಗಿನ ಸ್ಕ್ರಿಪ್ಟ್ ಹೀಗೆ ನಡೆಯುತ್ತದೆ. ಪವರ್ ಆನ್ ಕಳಿಸುತ್ತದೆ. ಬಂದ ಉತ್ತರವನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದುಕೊಂಡು ಅದರಲ್ಲಿ ಪವರ್ ಆನ್ ಅಂತ ಇದೆಯಾ ಅಂತ ಗ್ರೆಪ್ ಕಮಾಂಡ್‌ನಿಂದ ಹುಡುಕುತ್ತದೆ. ಇದ್ದರೆ ಲಾಗರ್ ಕಮಾಂಡ್‌ನಿಂದ ಜರ್ನಲ್‌ಗೆ ಒಂದು ಸಾಲು ಬರೆದು ಮುಗಿಸುತ್ತದೆ. ಇಲ್ಲದಿದ್ದರೆ 20 ಸೆಕೆಂಡ್ ಕಾದು ಮತ್ತೆ ಕಳಿಸುತ್ತದೆ, ಹೀಗೆ ಆರು ಸಲ. ಆಗಲೂ ಆಗದಿದ್ದರೆ ಬಂದ ಉತ್ತರವನ್ನು ಹಾಗೇ ಲಾಗ್‌ಗೆ ಹಾಕಿ, ನನ್ನ ಫೋನಿಗೆ ಒಂದು ಸಂದೇಶ ಕಳಿಸುತ್ತದೆ. ಟಾಗಲ್ ಕಮಾಂಡ್ (ಆನ್ ಇದ್ದರೆ ಆಫ್, ಆಫ್ ಇದ್ದರೆ ಆನ್) ಮಾತ್ರ ಬೇಡವೇ ಬೇಡ. ಉತ್ತರ ದಾರಿಯಲ್ಲಿ ಕಳೆದುಹೋಗಿ ಎರಡನೇ ಸಲ ಕಳಿಸಿದರೆ ಆನ್ ಆಗಿದ್ದದ್ದು ಆಫ್ ಆಗುತ್ತದೆ. ಆನ್ ಅಂದರೆ ಎಷ್ಟು ಸಲ ಹೇಳಿದರೂ ಆನ್.

ಕರ್ಲ್‌ಗೆ ಸಮಯದ ಮಿತಿ ಕೊಡಿ. ಕನೆಕ್ಟ್ ಆಗಲು 5 ಸೆಕೆಂಡ್, ಒಟ್ಟು 10 ಸೆಕೆಂಡ್ ನಮ್ಮ ಮನೆಗೆ ಸಾಕಾಗಿದೆ. ಹಾಗೆಯೇ ಸಣ್ಣ ಎಸ್ ಒಂದನ್ನೇ ಹಾಕಿದರೆ ಎರರ್ ಸಂದೇಶ ಕೂಡ ಮುಚ್ಚಿಹೋಗುತ್ತದೆ. ಪಕ್ಕದಲ್ಲಿ ದೊಡ್ಡ ಎಸ್ ಸೇರಿಸಿದರೆ ಪ್ರಗತಿಯ ಗೆರೆ ಮಾತ್ರ ಮುಚ್ಚಿ ಎರರ್ ಉಳಿಯುತ್ತದೆ.

ಉತ್ತರವೇ ಬರದಿದ್ದರೆ

ಕನ್ಸೋಲ್‌ನಲ್ಲಿ ಸಾಲು ಬರಲಿಲ್ಲ, ಕೈಯಲ್ಲಿ ಕೊಟ್ಟರೂ ಉತ್ತರ ಇಲ್ಲ ಅಂದರೆ ತೊಂದರೆ ನೆಟ್‌ವರ್ಕ್‌ನಲ್ಲಿದೆ. ಆಗ ಕರ್ಲ್‌ನ ಕೋಡ್ ಉಪಯೋಗಕ್ಕೆ ಬರುತ್ತದೆ. 6 ಬಂದರೆ ಹೆಸರು ಸಿಕ್ಕಿಲ್ಲ, ಅಂಕಿ ವಿಳಾಸ ಕೊಟ್ಟು ನೋಡಿ. 28 ಅಂದರೆ ಕೊಟ್ಟ ಸಮಯ ಮುಗಿಯಿತು. 7 ಅಂದರೆ ಕನೆಕ್ಟ್ ಆಗಲಿಲ್ಲ, ಆದರೆ ಅದರಲ್ಲೂ ಎರಡು ಬಗೆ. "-ವಿ" ಹಾಕಿ ನೋಡಿ. "ನೋ ರೂಟ್ ಟು ಹೋಸ್ಟ್" ಅಂದರೆ ಆ ವಿಳಾಸದಲ್ಲಿ ಯಾರೂ ಇಲ್ಲ. "ಕನೆಕ್ಷನ್ ರಿಫ್ಯೂಸ್ಡ್" ಅಂದರೆ ಯಾರೋ ಇದ್ದಾರೆ, ಬಾಗಿಲು ತೆರೆಯುತ್ತಿಲ್ಲ. ಪಿಂಗ್ ಮಾಡಿದರೆ ಉತ್ತರ ಬರುತ್ತೆ, ಆದರೆ ಅದು ಪ್ಲಗ್ ಅಲ್ಲ, ಟಿವಿ ಆಗಿರಬಹುದು.

ನಮ್ಮ ಮನೆಯಲ್ಲಿ ಹೀಗೇ ಆಯಿತು. ಮಳೆಗಾಲದಲ್ಲಿ ರಾತ್ರಿ ಕರೆಂಟ್ ಹೋಗಿ ಬಂತು. ರೌಟರ್ ಮತ್ತೆ ಶುರುವಾದಾಗ ಹಳೆಯ ಲೆಕ್ಕ ಮರೆತು ಬಂದವರಿಗೆಲ್ಲ ಹೊಸದಾಗಿ ವಿಳಾಸ ಹಂಚಿತು. 50 ಟಿವಿಗೆ ಹೋಯಿತು, ಪ್ಲಗ್‌ಗೆ 53 ಸಿಕ್ಕಿತು. ಇದಕ್ಕೆ ಮದ್ದು ರೌಟರ್‌ನಲ್ಲೇ ಇದೆ. ಡಿಎಚ್‌ಸಿಪಿ ರಿಸರ್ವೇಶನ್ ಅನ್ನುವ ಕಡೆ ಪ್ಲಗ್‌ನ ಮ್ಯಾಕ್ ವಿಳಾಸ (ಆ ಸಾಧನದ ನೆಟ್‌ವರ್ಕ್ ಗುರುತು) ಕೊಟ್ಟು 50 ಅನ್ನು ಅದಕ್ಕೇ ಮೀಸಲಿಡಿ. ಇಎಸ್‌ಪಿ8266ಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು, 5ರದ್ದು ಅದಕ್ಕೆ ಕಾಣುವುದೇ ಇಲ್ಲ. ಪ್ಲಗ್ ಗೆಸ್ಟ್ ವೈಫೈನಲ್ಲಿದ್ದರೆ ಪೈಗೂ ಅದಕ್ಕೂ ಮಾತಿಲ್ಲದ ಹಾಗೆ ರೌಟರ್ ತಡೆಯಬಹುದು, ಅದನ್ನೂ ನೋಡಿ.

ಗಡಿಯಾರ

ಪ್ಲಗ್ ಬೆಳಿಗ್ಗೆ ಹತ್ತೂವರೆಗೆ ತಾನಾಗಿ ಆನ್ ಆಗುತ್ತಿದೆಯಾ? ಹಾಗಿದ್ದರೆ ದೆವ್ವ ಅಲ್ಲ, ಟೈಮ್‌ಝೋನ್. ಪೈ ಯುಟಿಸಿಯಲ್ಲಿದೆ, ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಟೈಮ್‌ಡೇಟ್‌ಸಿಟಿಎಲ್‌ನಲ್ಲಿ ಏಷ್ಯಾ/ಕೋಲ್ಕತಾ ಹಾಕಿ, ಆಮೇಲೆ ಕ್ರಾನ್ ಅನ್ನು ರೀಸ್ಟಾರ್ಟ್ ಮಾಡಿ. ಇಲ್ಲದಿದ್ದರೆ ಕ್ರಾನ್ ಹಳೆಯ ಸಮಯದಲ್ಲೇ ನಡೆಯುತ್ತಿರುತ್ತದೆ.

ಪೈ 4 ಮತ್ತು ಅದರ ಹಿಂದಿನವುಗಳಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಕರೆಂಟ್ ಹೋಗಿ ಬಂದರೆ ಇಂಟರ್‌ನೆಟ್‌ನಿಂದ ಸಮಯ ಸಿಗುವ ತನಕ ಅದು ಹಿಂದೆಯೇ ಇರುತ್ತದೆ. ಇನ್ನೊಂದು, 4:55ಕ್ಕೆ ಹೋದ ಕರೆಂಟ್ 5:10ಕ್ಕೆ ಬಂದರೆ 5ರ ಕೆಲಸವನ್ನು ಕ್ರಾನ್ ಮತ್ತೆ ಮಾಡುವುದಿಲ್ಲ. ತಪ್ಪಿದ್ದನ್ನು ಆಮೇಲೆ ಓಡಿಸುವ ಸಿಸ್ಟಮ್‌ಡಿ ಟೈಮರ್ ಇದೆ, ಆದರೆ ಗೀಸರ್‌ಗೆ ಅದು ಬೇಡ ಅಂತ ತೀರ್ಮಾನಿಸಿದೆ. ಮಧ್ಯಾಹ್ನ ಕರೆಂಟ್ ಬಂದು ಯಾರೂ ಇಲ್ಲದ ಮನೆಯಲ್ಲಿ ನೀರು ಕಾಯುವುದಕ್ಕಿಂತ ಒಂದು ದಿನ ಅಮ್ಮ ಕೈಯಲ್ಲಿ ಬಟನ್ ಒತ್ತುವುದು ವಾಸಿ.

ಪುಟದಲ್ಲಿ ಆಫ್, ಆದರೆ ಗೀಸರ್ ಆನ್

ಇದೊಂದು ಲಕ್ಷಣ ಕಂಡರೆ ಸ್ಕ್ರಿಪ್ಟ್ ಪಕ್ಕಕ್ಕಿಡಿ. ಪ್ಲಗ್‌ನ ಪುಟದಲ್ಲಿ ಆಫ್, ದೀಪವೂ ಆರಿದೆ, ಆದರೂ ಗೀಸರಿನ ಕೆಂಪು ದೀಪ ಉರಿಯುತ್ತಿದೆ. ಒಳಗಿನ ರಿಲೇಯ ಕಾಂಟ್ಯಾಕ್ಟ್‌ಗಳು ಬಿಸಿಗೆ ಒಂದಕ್ಕೊಂದು ಅಂಟಿಕೊಂಡಿವೆ. ಪ್ಲಗ್ ರಿಲೇಗೆ ಹೇಳಿದ್ದನ್ನು ತೋರಿಸುತ್ತದೆ, ರಿಲೇ ಮಾಡಿದ್ದನ್ನು ಅಲ್ಲ. ಮೇನ್ ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆಯಿರಿ. ಬಿಚ್ಚಿ ರಿಪೇರಿ ಮಾಡಲು ಹೋಗಬೇಡಿ, ಅದರ ಆಯುಸ್ಸು ಮುಗಿಯಿತು.

2 ಕಿಲೋವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆ್ಯಂಪಿಯರ್ ಎಳೆಯುತ್ತದೆ, 3 ಕಿಲೋವ್ಯಾಟ್‌ನದ್ದು 13. 10 ಆ್ಯಂಪಿಯರ್ ಪ್ಲಗ್ ಮೇಲೆ ಎರಡನೆಯದನ್ನು ಹಾಕಲೇಬಾರದು. ಮೊದಲನೆಯದಕ್ಕೂ 16ರದ್ದೇ ತೆಗೆದುಕೊಳ್ಳಿ ಅನ್ನುತ್ತೇನೆ. ನೀರಿನ ಮೋಟಾರ್ ಇನ್ನೂ ಕಷ್ಟ. ಶುರುವಾಗುವ ಕ್ಷಣದಲ್ಲಿ ಅದು ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಮೋಟಾರನ್ನು ನೇರವಾಗಿ ಪ್ಲಗ್‌ಗೆ ಕೊಡಬೇಡಿ. ಎಲೆಕ್ಟ್ರಿಷಿಯನ್ ಹತ್ತಿರ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟ್ ತಡೆಯುವ ದೊಡ್ಡ ರಿಲೇ) ಹಾಕಿಸಿ. ಪ್ಲಗ್ ಕಾಂಟ್ಯಾಕ್ಟರಿನ ಕಾಯಿಲ್ ಮಾತ್ರ ನಡೆಸಲಿ, ಮೋಟಾರಿನ ಭಾರವನ್ನು ಕಾಂಟ್ಯಾಕ್ಟರ್ ಹೊರಲಿ.

ಆನ್ ತಪ್ಪಿದರೆ ತಣ್ಣೀರು, ಅಷ್ಟೇ. ಆಫ್ ತಪ್ಪಿದರೆ ಗೀಸರ್ ದಿನವಿಡೀ ಉರಿಯುತ್ತದೆ. ಹಾಗಾಗಿ ಆಫ್ ಮಾಡುವ ಕೆಲಸವನ್ನು ಪೈಗೆ ಬಿಡಲಿಲ್ಲ, ಪ್ಲಗ್‌ಗೇ ಕೊಟ್ಟೆ. ಕನ್ಸೋಲ್‌ನಲ್ಲಿ "ಪಲ್ಸ್‌ಟೈಮ್ 1900" ಕೊಟ್ಟರೆ ಪ್ಲಗ್ ಆನ್ ಆದ 30 ನಿಮಿಷಕ್ಕೆ ತಾನೇ ಆಫ್ ಆಗುತ್ತದೆ. ಲೆಕ್ಕ ಸ್ವಲ್ಪ ವಿಚಿತ್ರ: 112ರಿಂದ ಮೇಲಿನ ಅಂಕಿಯಲ್ಲಿ 100 ಕಳೆದರೆ ಉಳಿಯುವುದು ಸೆಕೆಂಡ್. 1900ರಲ್ಲಿ 100 ಹೋದರೆ 1800 ಸೆಕೆಂಡ್. ಜೊತೆಗೆ "ಪವರ್‌ಆನ್‌ಸ್ಟೇಟ್ 0" ಕೂಡ ಹಾಕಿದ್ದೇನೆ. ಇಲ್ಲದಿದ್ದರೆ ಕರೆಂಟ್ ಹೋಗುವ ಮೊದಲು ಆನ್ ಇದ್ದ ಪ್ಲಗ್, ಕರೆಂಟ್ ಬಂದಾಗ ಮತ್ತೆ ಆನ್ ಆಗುತ್ತದೆ.

ಹಾಕಿದ ಮೇಲೆ ಪರೀಕ್ಷೆ ಮಾಡಿದೆ. ಸ್ಕ್ರಿಪ್ಟ್ ಓಡಿಸಿ ಗೀಸರ್ ಆನ್ ಮಾಡಿ, ಪೈನ ವೈರ್ ಕಿತ್ತೆ. ರೌಟರ್ ಕೂಡ ಆಫ್ ಮಾಡಿದೆ. ಬಾತ್‌ರೂಮಿನ ಬಾಗಿಲ ಹತ್ತಿರ ಗಡಿಯಾರ ನೋಡುತ್ತಾ ಕೂತೆ. ಅರ್ಧ ಗಂಟೆಗೆ ಸರಿಯಾಗಿ ಟಕ್ ಅಂತ ಸದ್ದಾಗಿ ಕೆಂಪು ದೀಪ ಆರಿತು.